ಬಳೆ ತಂದವರ ಪುಟ

ಗಡಹಿಂಗ್ಲಜ
12 ಜುಲೈ 2025, ಶನಿವಾರ

ಮೋನಾಲಿ, ಮೊದಲು ಜೈಭೀಮ್, ಆಮೇಲೆ ಜಗಳ.

ನೀನು ನನ್ನ ಅವ್ವನ ಬಗ್ಗೆ ಸುಳ್ಳು ಚಿತ್ರ ಬರೆದಿದ್ದೀಯ. ನನ್ನನ್ನು ಕೇಳದೆ ಬರೆದಿದ್ದೀಯ. ಅದು ತಪ್ಪು. ಅವಳನ್ನು ಚಂದ ಮಾಡಿ ಬರೆದಿದ್ದೀಯ ಎನ್ನುವುದರಿಂದ ತಪ್ಪು ಸರಿಯಾಗುವುದಿಲ್ಲ.

ಫೋನಿನಲ್ಲಿ ಹೇಳೋಣವೆಂದರೆ ನಾನು ಚೀರುತ್ತೇನೆ, ನೀನು ಕಟ್ ಮಾಡುತ್ತೀ. ಮಂಗಳವಾರ ಅದೇ ಆಯಿತು. ಪತ್ರವನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ನೀನು ಹರಿಯುವವಳಲ್ಲ. ಸಂತೆಯ ಪೊಟ್ಟಣದ ಕಾಗದವನ್ನೂ ಬಿಡಿಸಿ ಹಿಂದೆ ಚಿತ್ರ ಬರೆಯುವವಳು.

ಕುಂಥುನಾಥ ಅಣ್ಣಾ ಕೊಲ್ಹಾಪುರದ ತಮ್ಮ ಪ್ರೆಸ್ಸಿನಿಂದ ಪ್ರೂಫಿನ ಕಟ್ಟನ್ನು ಎಸ್‌ಟಿ ಬಸ್ಸಿನಲ್ಲಿ ಕಳಿಸಿದ್ದರು. ನಾನು ಕೂರುವ ಝೆರಾಕ್ಸ್ ಅಂಗಡಿಯ ಕೌಂಟರಿನ ಮೇಲೆಯೇ ಬಿಚ್ಚಿದೆ. 'ಮಗ್ಗ ನಿಂತ ಮಳೆಗಾಲ', ಕೆಳಗೆ 'ಕಥೆ ಸಾರಿಕಾ, ಚಿತ್ರ ಮೋನಾಲಿ'. ಆಧಾರ್ ಕಾರ್ಡು ಹಿಡಿದು ನಿಂತ ಗಿರಾಕಿಗಳು ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದರು. ನನ್ನ ಪುಸ್ತಕ ಎಂದೆ. ಒಬ್ಬ ಅಜ್ಜ ಹಾಳೆ ತಿರುವಿ, "ಬರೇ ಚಿತ್ರ ಅದಾವಲ್ಲ ತಂಗಿ, ಓದಾಕ ಏನೈತಿ?" ಎಂದ. ಚಿತ್ರವನ್ನೇ ಓದಬೇಕಜ್ಜಾ ಎಂದೆ. ಅವನು ನಿಜವಾಗಿಯೂ ಓದುತ್ತ ನಿಂತುಬಿಟ್ಟ. ತನ್ನ ಹೊಲದ ಉತಾರೆಯ ಪ್ರತಿ ತೆಗೆದುಕೊಳ್ಳುವುದನ್ನೂ ಮರೆತು ಹೋದ.

ನಿನಗೆ ಕೊಡಬೇಕಾದ ಮೆಚ್ಚುಗೆಯನ್ನು ಕೊಟ್ಟೇ ಬೈಯುತ್ತೇನೆ. ಮಗ್ಗ ನಿಂತ ಮೊದಲ ದಿನದ ಪುಟವನ್ನು ಮತ್ತೆ ಮತ್ತೆ ತಿರುವಿ ನೋಡಿದೆ. ಇಚಲಕರಂಜಿಯ ನಮ್ಮ ಓಣಿ. ಎರಡೂ ಕಡೆ ಶೆಡ್ಡುಗಳು. ಹುಟ್ಟಿದಾಗಿನಿಂದ ಕಿವಿಯಲ್ಲಿ ಬಡಿಯುತ್ತಿದ್ದ ಖಟಖಟ ಇಲ್ಲ. ಆದರೂ ಜನ ಮಗ್ಗದ ಮುಂದೆ ನಿಂತವರ ಹಾಗೆ ಚೀರಿಯೇ ಮಾತಾಡುತ್ತಿದ್ದಾರೆ, ಪಕ್ಕದಲ್ಲಿ ಕುಂತವರೊಂದಿಗೂ. ಖಾಲಿ ಬೀದಿ, ಅದರ ಮೇಲೆ ಅಷ್ಟು ದೊಡ್ಡ ದೊಡ್ಡ ಮಾತಿನ ಗುಳ್ಳೆಗಳು. "ಉಪ್ಪು ಐತೇನ್ರೀ?" ಎಂಬ ಮಾತು ಅರ್ಧ ಆಕಾಶ ತುಂಬಿದೆ. ಕ್ರಾಂತಿಯ ಬಗ್ಗೆ ನಾನು ಓದಿದ ಯಾವ ಪುಸ್ತಿಕೆಯಲ್ಲಿಯೂ ಈ ಸಂಗತಿ ಇಲ್ಲ.

ದೊಡ್ಡವರ ಮುಷ್ಕರ ನೋಡಿ ನಾವಿಬ್ಬರೂ 'ಸಂಪು ಸಂಪು' ಆಡುವ ಪುಟವೂ ಹಾಗೆಯೇ. ನಾನು ಲೀಡರ್, ನೀನು ಮಗ್ಗದ ಮಾಲಕ ಶೇಠ್. ಪೊಲೀಸ್ ಆಗಲು ಯಾರೂ ಒಪ್ಪದೆ ಮೇಕೆಯನ್ನು ಪೊಲೀಸ್ ಮಾಡಿದ್ದು. ಮೇಕೆ ನಮ್ಮ ಫಲಕವನ್ನು ತಿಂದದ್ದು. ನಾಲ್ಕನೆಯ ಇಯತ್ತೆಯ ಹುಡುಗಿಯರಿಗೆ ಕ್ರಾಂತಿ ಎಂದರೆ ಶಾಲೆಯ ಆಚೆ ಒಂದು ದೊಡ್ಡ ಆಟ ಎಂಬುದನ್ನು ನೀನು ಒಂದು ಸಾಲೂ ಬರೆಯದೆ ಹೇಳಿದ್ದೀಯ.

ಆಮೇಲೆ ಆ ಪುಟ ಬಂತು.

ಮೋರ್ಚಾದ ಮುಂದೆ ನನ್ನ ಅವ್ವ ಧೊಂಡುಬಾಯಿ, ನಿನ್ನ ಅವ್ವ ಚೆನ್ನವ್ವ. ಕೈಯಲ್ಲಿ ಕೈ. ಇಬ್ಬರ ಬಾಯಲ್ಲೂ ಒಂದೇ ಘೋಷಣೆ. ನಾನು ಬರೆದುಕೊಟ್ಟಿದ್ದ ಬಳೆಯ ಅಧ್ಯಾಯ ಪೂರ್ತಿ ಮಾಯ. ಶುರುವಿನಲ್ಲಿಯೇ ನಮ್ಮ ಮಾತು ಆಗಿತ್ತು, ನೆನಪಿದೆಯೇ? ಮಾತು ನನ್ನದು, ಗೆರೆ ನಿನ್ನದು, ಒಬ್ಬರದನ್ನು ಇನ್ನೊಬ್ಬರು ಕೇಳದೆ ಮುಟ್ಟಬಾರದು. ನೀನು ಮುಟ್ಟಿದೆ.

ನಿಜವಾಗಿ ನಡೆದದ್ದನ್ನು ಮತ್ತೊಮ್ಮೆ ಬರೆಯುತ್ತೇನೆ, ನಾನು ಮರೆತಿಲ್ಲ ಎಂದು ನಿನಗೆ ಗೊತ್ತಾಗಲಿ.

ಸಂಪು ನಡೆಯುತ್ತಿದ್ದ ದಿನಗಳಲ್ಲಿ ಯಾರೂ ಶೆಡ್ಡಿನೊಳಗೆ ಕಾಲಿಡಬಾರದು ಎಂದು ಕಮಿಟಿ ಠರಾವು ಮಾಡಿತ್ತು. ನನ್ನ ಅಪ್ಪ ಗುಂಡು ಆ ಕಮಿಟಿಯಲ್ಲಿದ್ದ. ಒಂದು ಮಧ್ಯಾಹ್ನ ಅವ್ವ ಶೆಡ್ಡಿನ ಹಿಂಬಾಗಿಲಿನಿಂದ ಹೊರಗೆ ಬಂದದ್ದನ್ನು ಯಾರೋ ನೋಡಿದರು. ಎರಡೂ ಕೈ ಮೊಣಕೈತನಕ ಎಣ್ಣೆಯಿಂದ ಕಪ್ಪಾಗಿದ್ದವು. ಮಗ್ಗದ ಓಣಿಯಲ್ಲಿ ಎಣ್ಣೆಗೈಗೆ ಒಂದೇ ಅರ್ಥ, ಮಗ್ಗ ಓಡಿಸಿದ್ದಾಳೆ. ಫಿತೂರಿ. ಮಗ್ಗದ ಸದ್ದು ಯಾರಿಗೂ ಕೇಳಿಸಿರಲಿಲ್ಲ. ಅಷ್ಟು ನಿಶ್ಶಬ್ದವಾದ ಓಣಿಯಲ್ಲಿ ಒಂದು ಮಗ್ಗ ಓಡಿದ್ದರೆ ಕೊನೆಯ ಮನೆಗೂ ಕೇಳಿಸುತ್ತಿತ್ತು. ಅದನ್ನು ಯಾರೂ ಯೋಚಿಸಲಿಲ್ಲ. ಅನುಮಾನ ಎಷ್ಟು ಬೇಗ ಜೈಭೀಮ್ ಅನ್ನುವ ನಮ್ಮ ಮನೆಯ ಬಾಗಿಲು ಹುಡುಕಿಕೊಂಡು ಬಂತು, ಮತ್ತು ಬೇರೆ ಮನೆಗಳ ಬಾಗಿಲು ಅದಕ್ಕೆ ಯಾಕೆ ಕಾಣಲಿಲ್ಲ, ಅದನ್ನು ನೀನೂ ಒಮ್ಮೆ ಯೋಚಿಸು. ನಾನು ಯೋಚಿಸದೆ ಇರಲಾರೆ.

ಮರುದಿನ ಓಣಿಯ ಹೆಂಗಸರು ಬಳೆಯ ಆಹೇರು ತಂದರು. ನಮ್ಮ ಕಡೆ ಗಂಡಸಿನ ಮಾನ ತೆಗೆಯಬೇಕಾದರೆ ಹೀಗೆ ತಟ್ಟೆಯಲ್ಲಿ ಬಳೆ ಇಟ್ಟು ಕೊಡುತ್ತಾರೆ, ಆಫೀಸರನಿಗಾಗಲಿ ಪುಢಾರಿಗಾಗಲಿ. ಅವತ್ತು ಅಪ್ಪನಿಗೆ. ಹಸಿರು ಗಾಜಿನ ಬಳೆ, ಕುಪ್ಪಸದ ಖಣ, ಕುಂಕುಮ. "ಬಾಂಗಡ್ಯಾ ಭರಾ, ಬಳಿ ತೊಡು ಗುಂಡೂದಾದಾ! ಹೇಂತಿನ್ನ ಹಿಡಿಯಾಕ ಆಗದಾಂವ ಸಂಪು ಏನ ಹಿಡೀತೀ?" ಎಂದು ಕೂಗಿದರು. ತಟ್ಟೆ ಹಿಡಿದವಳು ನಿನ್ನ ಅವ್ವ.

ಅಪ್ಪ ನೆಲ ನೋಡುತ್ತ ನಿಂತ. ನಾನು ಬಾಗಿಲ ಸಂದಿಯಲ್ಲಿದ್ದೆ. ಒಳಗಿನಿಂದ ಅವ್ವ ಬಂದಳು. ತಟ್ಟೆಯಿಂದ ಬಳೆ ಎತ್ತಿಕೊಂಡು ತಾನೇ ತೊಡತೊಡಗಿದಳು, ಒಂದೊಂದಾಗಿ, ಅವಸರವಿಲ್ಲದೆ. ಕೈಯ ಎಣ್ಣೆಯ ಜಿಡ್ಡು ಇನ್ನೂ ಪೂರ್ತಿ ಹೋಗಿರಲಿಲ್ಲ. ಬಳೆಗಳು ಸರಾಗವಾಗಿ ಏರಿದವು. "ನಮ್ಮ ಮನ್ಯಾವರಿಗೆ ಈ ಸೈಜ್ ಬರೂದಿಲ್ರಿ. ನನಗ ಬರ್ತಾವ. ಹಸರು ನನಗ ಒಪ್ಪತೈತಿ ಅಂತ ನಿನಗ ನೆನಪೈತಲ್ಲ ಚೆನ್ನಕ್ಕ, ಭಾಳ ಚೊಲೋ ಆತು," ಎಂದಳು. ಹಿಂದೆ ನಿಂತ ಒಬ್ಬಳು ಕಿಸಕ್ಕನೆ ನಕ್ಕಳು. ಪಕ್ಕದವಳು ಅವಳನ್ನು ತಿವಿದಳು.

ಇದನ್ನು ನೀನೂ ನೋಡಿದ್ದೀಯ, ಮೋನಿ. ನೀನು ನಿನ್ನ ಅವ್ವನ ಸೆರಗು ಹಿಡಿದು ನಿಂತಿದ್ದೆ. ನಾವು ಒಬ್ಬರನ್ನೊಬ್ಬರು ನೋಡಿದ್ದೆವು.

ಆ ದಿನದಿಂದ ನಳದ ಸರತಿಯಲ್ಲಿ ಅವ್ವನ ಕೊಡವನ್ನು ಕಾಲಿನಿಂದ ಹಿಂದೆ ಸರಿಸುವುದು ಶುರುವಾಯಿತು. ಸಂಪು ಗೆದ್ದಿತು, ಓಣಿಯಲ್ಲಿ ಗುಲಾಲು ಹಾರಿತು, ನಮ್ಮ ಬಾಗಿಲ ಮುಂದೆ ಮಾತ್ರ ಯಾರೂ ಕುಣಿಯಲಿಲ್ಲ. ದೀಪಾವಳಿಗೆ ಮುಂಚೆ ಟೆಂಪೋದಲ್ಲಿ ಪಾತ್ರೆ, ಹಾಸಿಗೆ ಹೇರಿಕೊಂಡು ಗಡಹಿಂಗ್ಲಜಕ್ಕೆ ಬಂದೆವು. ಅಪ್ಪ ಶಿರೋಳಿಯ ಫೌಂಡ್ರಿ ಸೇರಿದ, ವಾರಕ್ಕೊಮ್ಮೆ ಬರುತ್ತಾನೆ. ಅವ್ವ ಹೊಲಿಗೆ ಮಷೀನು ಹಾಕಿಕೊಂಡಳು. ಅವಳು ಮತ್ತೆಂದೂ ಇಚಲಕರಂಜಿಯ ಬಸ್ಸು ಹತ್ತಲಿಲ್ಲ.

ಈಗ ನೀನು ಫೋನಿನಲ್ಲಿ ಹೇಳಿದ ಮಾತಿಗೆ ಬರುತ್ತೇನೆ. "ಸಾರೂ, ಬರದು ನೀ ಗಡಹಿಂಗ್ಲಜದಾಗ ಕುಂದರ್ತಿ. ಪುಸ್ತಕಾ ಓದಿದ ಓಣ್ಯಾಗ ನಮ್ಮವ್ವ ಬಾಳೇವ ಮಾಡಬೇಕು. ಅದ ನಳಕ್ಕ ನೀರಿಗಿ ಹೋಗಬೇಕು." ಸುಳ್ಳಲ್ಲ. ಅದನ್ನು ಕೇಳಿ ನಾನು ಇನ್ನೂ ಹೆಚ್ಚು ಚೀರಿದೆ. ಕ್ಷಮಿಸು, ಚೀರಿದ್ದಕ್ಕೆ ಮಾತ್ರ. ಆದರೆ ಅದೇ ನಳಕ್ಕೆ ನನ್ನ ಅವ್ವನೂ ಹೋಗುತ್ತಿದ್ದಳು. ಒಬ್ಬಳ ಕೊಡ ಸರಿಯಾಗಿ ನಿಲ್ಲಬೇಕೆಂದು ಇನ್ನೊಬ್ಬಳ ಕೊಡ ಅಲ್ಲಿ ಇರಲೇ ಇಲ್ಲ ಎಂದು ಬರೆಯುವುದೇ? ಅಂಥ ಪುಸ್ತಕಗಳು ಬಹಳ ಇವೆ. ಗೆದ್ದವರು ಬರೆಸಿಕೊಳ್ಳುತ್ತಾರೆ. ನಾವು ಬರೆಯಲು ಕುಳಿತದ್ದು ಅಂಥದ್ದು ಸಾಕಾಗಿ ಅಲ್ಲವೇ?

ಇಷ್ಟನ್ನು ಸಿಟ್ಟಿನಲ್ಲಿ ಬರೆದೆ. ಮುಂದಿನದನ್ನು ಸಿಟ್ಟಿಲ್ಲದೆ ಬರೆಯುತ್ತೇನೆ, ಏಕೆಂದರೆ ನನ್ನ ಕಾಲ ಕೆಳಗೂ ನೆಲ ಗಟ್ಟಿ ಇರಲಿಲ್ಲ.

ಪ್ರೂಫನ್ನು ಮನೆಗೆ ಒಯ್ದು ಆ ಪುಟವನ್ನು ಅವ್ವನ ಮುಂದೆ ಹಿಡಿದೆ. ಅವಳು ಪರಕರಕ್ಕೆ ಲಾಡಿಯ ಪಟ್ಟಿ ಹೊಲಿಯುತ್ತಿದ್ದಳು. ಕನ್ನಡಕ ಏರಿಸಿ ನೋಡಿದಳು.

"ಇಕಿ ಯಾರು?"

ನೀನೇ, ಎಂದೆ.

"ನಾ ಇಷ್ಟ ಬಾಯಿ ತಗದು ಯಾವತ್ತರ ಚೀರೀನೇನ? ಹಲ್ಲ ಎಣಿಸಬೇಕು ನೋಡು." ಆಮೇಲೆ ನಕ್ಕಳು, ಹೊಟ್ಟೆ ಹಿಡಿದು ನಕ್ಕಳು. ಅವಳ ನಗು ನಿಂತ ಮೇಲೆ ನಾನು ನನ್ನ ಭಾಷಣ ಶುರು ಮಾಡಿದೆ. ನಿನಗೆ ಗೊತ್ತಲ್ಲ, ಅಂಗಡಿಗೆ ಯಾವ ಸಂಘಟನೆಯವರು ಕರಪತ್ರ ಝೆರಾಕ್ಸ್ ಮಾಡಿಸಲು ಬಂದರೂ ನಾನೊಂದು ಪ್ರತಿ ಇಟ್ಟುಕೊಳ್ಳುತ್ತೇನೆ. ನನ್ನ ಕಾಲೇಜು ಅದೇ. ಅವುಗಳಿಂದ ಕಲಿತದ್ದನ್ನೆಲ್ಲ ಅವಳಿಗೆ ಹೇಳಿದೆ. ಚಳವಳಿ ತನ್ನ ತಪ್ಪನ್ನು ಮುಚ್ಚಿಟ್ಟರೆ ಅದು ಹುಳ ಬಿದ್ದ ಕಾಳಿನ ಹಾಗೆ ಎಂದೆ. ಅದಕ್ಕೇ ನೀನು ಸಂಪು ಮುರಿದದ್ದನ್ನೂ ನಾನು ಮುಚ್ಚದೆ ಬರೆದಿದ್ದೆ ಎಂದೆ. ಹೆಮ್ಮೆಯಿಂದ ಹೇಳಿದೆ, ಮೋನಿ. ಸ್ವಂತ ಅವ್ವನನ್ನೂ ಬಿಡದ ಸತ್ಯವಂತೆ ನಾನು ಎಂದು.

ಅವ್ವ ಮಷೀನಿನ ಗಾಲಿಯ ಮೇಲೆ ಕೈ ಇಟ್ಟು ನಿಲ್ಲಿಸಿದಳು.

"ನಾ ಸಂಪು ಮುರದೀನಿ ಅಂತ ನಿನಗ ಯಾರು ಹೇಳಿದ್ರು?"

ಎಲ್ಲರೂ, ಎಂದೆ.

"ಎಲ್ಲಾರೂ ಅಂದ್ರ ಓಣಿ. ನಿನ್ನ ಪುಸ್ತಕದಾಗ ಓಣೀದ ಮಾತ ಬರೀತಿ, ಮನೀದ ಕೇಳೂದಿಲ್ಲ?"

ಆಮೇಲೆ ಹೇಳಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿ ನಾನು ಕೇಳದೆ ಇದ್ದದ್ದನ್ನು.

ಮಗ್ಗದ ಫಣಿ ನಿನಗೆ ಗೊತ್ತು. ಉಕ್ಕಿನ ಬಾಚಣಿಗೆ, ಒಂದೊಂದು ಹಲ್ಲಿನ ಸಂದಿಯಲ್ಲಿ ಒಂದೊಂದು ಎಳೆ. ಮಳೆಗಾಲದಲ್ಲಿ ಮಗ್ಗ ನಿಂತರೆ ಫಣಿಗೆ ತುಕ್ಕು ಏರುತ್ತದೆ. ತುಕ್ಕು ಹಿಡಿದ ಫಣಿ ಎಳೆ ಕತ್ತರಿಸುತ್ತದೆ, ಬಿಳಿ ಬಟ್ಟೆಯ ಮೇಲೆ ಕೆಂಪು ಗೀರು ಬಿಡುತ್ತದೆ. ಅದಕ್ಕೆ ಅವಳು ಹಿಂಬಾಗಿಲಿನಿಂದ ಹೋಗಿ ಎಲ್ಲ ಮಗ್ಗಗಳ ಫಣಿಗೆ ಎಣ್ಣೆ ಒರೆಸಿ ಬರುತ್ತಿದ್ದಳು. ಅಪ್ಪನಿಗೂ ಹೇಳಿರಲಿಲ್ಲ. ಹೇಳಿದ್ದರೆ ಕಮಿಟಿಯವನು ಹೋಗಗೊಡುತ್ತಿರಲಿಲ್ಲ. ಅನುಮಾನ ಬಂದ ಮೇಲೆ ಒಳಗೆ ಹೋದದ್ದನ್ನು ತಾನೇ ಒಪ್ಪಿಕೊಂಡಿದ್ದರೆ, ಠರಾವು ಮುರಿದವಳ ಗಂಡ ಎಂದು ಅವನನ್ನು ಕಮಿಟಿಯಿಂದ ತೆಗೆಯುತ್ತಿದ್ದರು.

ಶೇಠನ ಮಗ್ಗಕ್ಕೆ ನೀನ್ಯಾಕೆ ಎಣ್ಣೆ ಒರೆಸಿದೆ ಎಂದು ನಾನು ರೇಗಿದೆ. ಅವಳು ನನ್ನನ್ನು ಸಣ್ಣ ಮಗುವನ್ನು ನೋಡಿದ ಹಾಗೆ ನೋಡಿದಳು. "ಮಗ್ಗ ಶೇಠಂದು, ಫಣಿ ಕೊಯ್ಯೂದು ನಮ್ಮ ಕೈ. ಸೋಲಾವ್ರ ಮಗ್ಗಕ್ಕ ತುಕ್ಕ ಹಿಡೀಲಿ. ನಾವು ಗೆಲ್ಲಾವ್ರಿದ್ದಿವಿ. ಗೆದ್ದ ಮರುದಿವಸ ನಿಂತ ಮಗ್ಗದ ಮುಂದ ಕುಂತು ಅಳಬೇಕಾಗಿತ್ತೇನ?"

ಮೋನಿ, ಮೋರ್ಚಾದಲ್ಲಿ ಗೆಲ್ಲುತ್ತೇವೆ ಎಂದು ಎಲ್ಲರೂ ಕೂಗುತ್ತಿದ್ದರು. ಮರುದಿನದ ಕೆಲಸಕ್ಕೆ ತಯಾರಿ ಮಾಡುವಷ್ಟು ನಂಬಿದವಳು ಅವಳೊಬ್ಬಳೇ ಇರಬೇಕು.

ಆಗಲೇ ಇದನ್ನೆಲ್ಲ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಪ್ಪನ ಮಾತು ಬಿಡು, ನಿನ್ನ ಜೀವದ ಗೆಳತಿ ಚೆನ್ನವ್ವ ಮಾವಶಿಗೆ ಹೇಳಬಹುದಿತ್ತಲ್ಲ ಎಂದೆ. ಅವ್ವ ದಾರ ಕಚ್ಚಿ ಕತ್ತರಿಸಿ, "ಕೇಳಿದ್ರ ಹೇಳತಿದ್ದೆ. ಯಾರೂ ಕೇಳಲಿಲ್ಲ. ಬಳಿ ತಂದ್ರು," ಎಂದಳು.

ಅದಾದ ಮೇಲೆ ಕ್ರಾಂತಿಯ ಮಾತನ್ನು ಅವಳೇ ತೆಗೆದಳು. "ಕ್ರಾಂತಿ ಆದ ಮ್ಯಾಲ ಭಾಂಡಿ ಯಾರು ತಿಕ್ಕಾವ್ರು ಅನ್ನೂದು ನಿನ್ನ ಕಾಗದದಾಗ ಬರದಾರೇನ? ಬರದಿದ್ರ ಓದು, ಇಲ್ಲಂದ್ರ ಎದ್ದು ತಿಕ್ಕು." ಎದ್ದು ತಿಕ್ಕಿದೆ.

ಹಾಗಾಗಿ ನೀನು ಬರೆದದ್ದೂ ಸುಳ್ಳು, ನಾನು ಬರೆದದ್ದೂ ಅರ್ಧ. ನಾನು ನನ್ನ ಹಳೆಯ ಅಧ್ಯಾಯ ವಾಪಸು ಹಾಕು ಎಂದು ಕೇಳುತ್ತಿಲ್ಲ. ಹೊಸದಾಗಿ ಬರೆಯೋಣ ಎನ್ನುತ್ತಿದ್ದೇನೆ.

ಪುಟ ಹೇಗಿರಬೇಕು ಎಂದು ನನಗೆ ಕಾಣುತ್ತಿದೆ. ಮೊದಲು ಶೆಡ್ಡಿನ ಒಳಗೆ, ಮಾತೇ ಇಲ್ಲ. ಮಾಡಿನ ಗಾಜಿನಿಂದ ಬೀಳುವ ಮಳೆಯ ಬೆಳಕು, ಸಾಲು ಮಗ್ಗಗಳು, ಒಬ್ಬಳ ಬೆನ್ನು. ಫಣಿಯ ಹಲ್ಲುಗಳನ್ನು ನೀನು ಬಿಡಿಸಬೇಕು, ಪುಟದ ಈ ತುದಿಯಿಂದ ಆ ತುದಿಗೆ, ಓದುವವರು ಬೆರಳು ಆಡಿಸುವಷ್ಟು ಸಣ್ಣಗೆ. ಆಮೇಲೆ ಬಾಗಿಲು. ತಟ್ಟೆ. ತಟ್ಟೆ ಹಿಡಿದವಳ ಮುಖ. ಅದನ್ನು ರಾಕ್ಷಸಿಯ ಮುಖ ಮಾಡಬೇಡ, ನಾನು ಹಾಗೆ ಕೇಳಲಾರೆ. ನನಗೆ ಜ್ವರ ಬಂದಾಗ ತನ್ನ ಮಡಿಲಲ್ಲಿ ಮಲಗಿಸಿಕೊಂಡ ಮಾವಶಿಯ ಮುಖ ಅದು. ಹೆದರಿದ ಮುಖ. ಸಂಪು ಒಡೆದುಹೋದರೆ ಮಕ್ಕಳಿಗೆ ಏನು ಹಾಕಲಿ ಎಂದು ಹೆದರಿ, ಆ ಹೆದರಿಕೆಯನ್ನು ಹತ್ತಿರ ಸಿಕ್ಕವಳ ಮೇಲೆ ಹಾಕಿದ ಮುಖ. ಅಂಥದ್ದನ್ನು ಗೆರೆಯಲ್ಲಿ ತರಲು ಸಾಧ್ಯವೇ ಎಂದು ನೀನು ಕೇಳಬಹುದು. ಮೇಕೆಗೆ ಪೊಲೀಸನ ಮುಖ ತಂದವಳಿಗೆ ಇದು ಸಾಧ್ಯ.

ಮತ್ತೆ ಇನ್ನೊಂದು. ಬಳೆ ಎಂದರೆ ಅವಮಾನ ಎಂದು ಹೆಂಗಸರೇ ನಂಬಿ ಹೊತ್ತುಕೊಂಡು ಬಂದದ್ದನ್ನೂ ಆ ಪುಟ ಕೇಳಬೇಕು. ಆ ಓಣಿಯ ನೂಲಿನ ಕಂಡಿಕೆಗಳನ್ನೆಲ್ಲ ಸುತ್ತಿದ್ದು ಬಳೆ ತೊಟ್ಟ ಕೈಗಳೇ. ಇದನ್ನು ನಾನು ವಾಕ್ಯ ಮಾಡಿ ಹಾಕುವುದಿಲ್ಲ, ಹೆದರಬೇಡ. ಕರಪತ್ರದ ವಾಸನೆ ಬರುತ್ತದೆ ಎಂದು ನೀನು ಮೂಗು ಮುಚ್ಚುತ್ತೀ. ಅವ್ವ ಬಳೆ ತೊಡುವ ಕೈಯನ್ನು ದೊಡ್ಡದಾಗಿ ಬರೆ, ಸಾಕು.

ಕುಂಥುನಾಥ ಅಣ್ಣನಿಗೆ ಫೋನ್ ಮಾಡಿ ಅಧ್ಯಾಯ ಬದಲಾಗುತ್ತದೆ ಎಂದೆ. "ಏನ ಹುಡಿಗ್ಯಾರವ್ವಾ ನೀವು! ಒಬ್ಬಾಕಿ ಹಾಕು ಅಂತೀರಿ, ಒಬ್ಬಾಕಿ ತಗಿ ಅಂತೀರಿ. ಲಗ್ನಪತ್ರಿಕಿ ಛಾಪಸಾವ್ರು ಬರೇ ಒಂದ ಸಲ ಜಗಳಾಡತಾರ," ಎಂದರು. ಆದರೂ 21ರ ಸೋಮವಾರದತನಕ ಮಷೀನು ಹತ್ತಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಪ್ರೆಸ್ಸಿನ ಹಿಂದಿನ ಖೋಲಿಯಲ್ಲಿ ಒಂದು ಉದ್ದ ಮೇಜು ಇದೆ, ಅಲ್ಲಿ ಕೂತು ಬರೆಯಬಹುದಂತೆ. ನೀನು ಶಾಯಿ, ಬ್ರಶ್ಶು ತಾ. ಹಾಳೆ ನಾನು ತರುತ್ತೇನೆ. ನಿನ್ನ ಫ್ಲೆಕ್ಸ್ ಅಂಗಡಿಯ ಮಾಲಕನಿಗೆ ಏನಾದರೂ ನೆಪ ಹೇಳು. ಇದೊಂದು ಸುಳ್ಳಿಗೆ ನನ್ನ ಒಪ್ಪಿಗೆ ಇದೆ.

ನಿನಗೆ ಬರುವ ಮನಸ್ಸಿಲ್ಲದಿದ್ದರೆ ಪುಸ್ತಕದ ಮೇಲಿನಿಂದ ನನ್ನ ಹೆಸರು ತೆಗೆಸಿಬಿಡು. ಬೆದರಿಕೆಯಲ್ಲ. ಆ ಪುಟದ ಕೆಳಗೆ ನನ್ನ ಹೆಸರು ಇಟ್ಟುಕೊಂಡು ನಾನು ಅವ್ವನ ಎದುರು ಉಣ್ಣಲು ಕೂರಲಾರೆ, ಅಷ್ಟೇ. ಆದರೆ ನೀನು ಬರುತ್ತೀ ಎಂದುಕೊಂಡಿದ್ದೇನೆ. ಆ ಪುಟದಲ್ಲಿ ಇಬ್ಬರ ಕೈ ಜೋಡಿಸಿದ್ದೀಯಲ್ಲ, ಅದು ನಡೆದದ್ದಲ್ಲ, ನಡೆಯಬೇಕು ಎಂದು ನೀನು ಬಯಸಿದ್ದು. ಸಿಟ್ಟು ಇಳಿದ ಮೇಲೆ ನೋಡಿದರೆ ಅದು ನನಗೂ ಕಂಡಿತು. ಬಯಸಿದ್ದನ್ನು ಹಳೆಯ ದಿನದಲ್ಲಿ ಬರೆದದ್ದೇ ನಿನ್ನ ತಪ್ಪು. ಮುಂದೆ ಬರೆಯಬಹುದಿತ್ತು.

ನಿನ್ನ ಜೊತೆ ಜಗಳವಾಡುವ ಹಕ್ಕನ್ನು ಬೇರೆ ಯಾರಿಗೂ ಬಿಟ್ಟುಕೊಡದ,
ಸಾರಿಕಾ

ತಾ.ಕ. ಪತ್ರದ ತುಂಬ ಸತ್ಯ ಸತ್ಯ ಎಂದು ಬರೆದು ಒಂದನ್ನು ನಾನೇ ಮುಚ್ಚಿಟ್ಟೆ. ನೀನು ನಿನ್ನ ಮನಸ್ಸಿನಿಂದಲೇ ಹೂಂ ಅಂದ ಮೇಲೆ ಮಾತ್ರ ತಿಳಿಸಬೇಕು ಎಂದು ಈಗ ನಮ್ಮ ಮನೆಯ ಒಳಗೆ ಕೂತ ಇಬ್ಬರು ನನ್ನಿಂದ ಮಾತು ತೆಗೆದುಕೊಂಡಿದ್ದರು. ಲಕೋಟೆ ಅಂಟಿಸುವಾಗ ತಡೆಯಲಾಗುತ್ತಿಲ್ಲ. ಚಂದಗಡದ ಅಕ್ಕನ ಮನೆಗೆ ಭತ್ತದ ನಾಟಿಗೆ ಹೋಗುತ್ತೇನೆ ಎಂದು ನಿನಗೆ ಹೇಳಿ ಗುರುವಾರ ಹೊರಟ ನಿನ್ನ ಅವ್ವ ಚಂದಗಡ ಮುಟ್ಟಿಲ್ಲ. ಗಡಹಿಂಗ್ಲಜದಲ್ಲಿ ಇಳಿದು ಊರೆಲ್ಲ ವಿಚಾರಿಸಿಕೊಂಡು ನಮ್ಮ ಮನೆಗೆ ಬಂದಳು. ಬಾಗಿಲಲ್ಲೇ ನಿಂತಿದ್ದಳು. ನನ್ನ ಅವ್ವ ತಲೆ ಎತ್ತಿ, "ಇಷ್ಟ ತಡಾ ಮಾಡಿ ಬಂದ್ರ ಚಾ ಆರೂದಿಲ್ಲೇನ? ಬಾ ಒಳಗ," ಎಂದಳು. ಸಂಪು ಗೆದ್ದು ಮಗ್ಗ ಹತ್ತಿಸಿದ ದಿನವೇ ಮಾವಶಿಗೆ ಗೊತ್ತಾಗಿತ್ತಂತೆ. ಫಣಿ ಮುಟ್ಟಿದರೆ ಬೆರಳಿಗೆ ಎಣ್ಣೆ ಹತ್ತಿತಂತೆ. ಓಣಿಯ ಮುಂದೆ ಬಾಯಿ ಬಿಡುವ ಧೈರ್ಯ ಇರಲಿಲ್ಲ, ಆಮೇಲೆ ನಾವೇ ಊರು ಬಿಟ್ಟಿದ್ದೆವು. ನೀನು ತೋರಿಸಿದ ಪ್ರೂಫು ನೋಡಿದ ಮೇಲೆ ಅವಳಿಗೆ ಅನ್ನ ಇಳಿಯಲಿಲ್ಲ. "ನಾ ಮಾಡದ ಪುಣ್ಯಾ ನನ್ನ ಮಗಳು ನನ್ನ ತಲಿ ಮ್ಯಾಲ ಇಟ್ಟಾಳ. ಅದನ್ನ ಹೊತ್ತು ಆ ಓಣ್ಯಾಗ ಹೆಂಗ ತಿರಗಲಿ? ನಡದದ್ದ ಬರಿ ಅಂತ ಹೇಳು, ನಳದ ಮುಂದ ನಾ ನೋಡ್ಕೋತೀನಿ," ಎಂದಳು. ಒಂದೇ ತಕರಾರು, ಮೂಗನ್ನು ಇಷ್ಟು ದೊಡ್ಡದಾಗಿ ಬರೆಯಬಾರದಂತೆ. ಅದನ್ನು ಕೇಳಿ ನನ್ನ ಅವ್ವ, ಮೂಗು ಇದ್ದಷ್ಟೇ ಐತಿ ಬಿಡು ಎಂದಳು. ಈಗ ಒಳಗೆ ಇಬ್ಬರೂ ಬೆಳ್ಳುಳ್ಳಿ ಸುಲಿಯುತ್ತ ಅದಕ್ಕೇ ಜಗಳ ಹತ್ತಿದ್ದಾರೆ, ಎದುರುಬದುರು ಕೂತು, ಮಗ್ಗದ ಶೆಡ್ಡಿನಲ್ಲಿ ಚೀರಿದ ಹಾಗೆ ಚೀರುತ್ತ. ಅವ್ವನೂ ಪ್ರೆಸ್ಸಿಗೆ ಬರುತ್ತಾಳಂತೆ, ಅಲ್ಲಿಂದ ಮಾವಶಿಯ ಜೊತೆ ಇಚಲಕರಂಜಿಯ ಬಸ್ಸು ಹತ್ತುತ್ತಾಳಂತೆ. ಭಾನುವಾರ, ಜುಲೈ 20, ಬೆಳಿಗ್ಗೆ ಹನ್ನೊಂದು ಗಂಟೆಗೆ, ಕೊಲ್ಹಾಪುರದಲ್ಲಿ ಕುಂಥುನಾಥ ಅಣ್ಣನ ಪ್ರೆಸ್ಸಿನ ಬಾಗಿಲಲ್ಲಿ ನಾವು ಮೂವರು ನಿನಗಾಗಿ ನಿಂತಿರುತ್ತೇವೆ.